ತೋಟದ ಖಾತೆ ಸಿಕ್ಕ ಮಕ್ಕಳಿಗೆ



ಶಾಲಾ ಸಂಸತ್ತಿನ ಚುನಾವಣೆ ಮುಗಿದು ಖಾತೆ ಹಂಚುವಾಗ ಕ್ರೀಡಾ ಮಂತ್ರಿ, ಸಾಂಸ್ಕೃತಿಕ ಮಂತ್ರಿ ಆಗಲು ಸರಸರನೆ ಕೈಗಳು ಏಳುತ್ತವೆ. ತೋಟಗಾರಿಕೆ ಎಂದ ಕೂಡಲೇ ಎಲ್ಲರೂ ನೆಲ ನೋಡುತ್ತಾರೆ. ‘ಮನೇಲೂ ಅದೇ ಗುದ್ದಲಿ, ಇಲ್ಲೂ ಅದೇನಾ’ ಎಂದು ಬೇಸಾಯಗಾರರ ಮನೆಯ ಮಕ್ಕಳೇ ಹಿಂದೆ ಸರಿಯುವುದನ್ನು ಮೇಷ್ಟ್ರಾಗಿದ್ದಷ್ಟು ಕಾಲವೂ ನೋಡಿದ್ದೇನೆ. ಕೊನೆಗೆ ಆ ಖಾತೆ ಯಾರೋ ಮಾತಾಡದ ಹುಡುಗನಿಗೋ ಹುಡುಗಿಗೋ ಬೀಳುತ್ತದೆ. ಈ ಸಲ ಅದು ನಿಮಗೆ ಬಿದ್ದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಇಡೀ ಸಂಸತ್ತಿನಲ್ಲಿ ನಿಜವಾದ ಅಧಿಕಾರ ಇರುವುದು ಆ ಖಾತೆಗೇ. ಉಳಿದ ಮಂತ್ರಿಗಳು ದೊಡ್ಡವರು ಮಾಡಿಟ್ಟ ನಿಯಮ ನಡೆಯುವಂತೆ ನೋಡಿಕೊಂಡರೆ ಸಾಕು. ಏನು ಬಿತ್ತಬೇಕು, ಎಲ್ಲಿ ಬಿತ್ತಬೇಕು, ನೀರಿನ ಪಾಳಿ ಯಾರದು, ಬಂದ ಫಸಲು ಯಾರಿಗೆ ಎಂದು ತೀರ್ಮಾನ ಮಾಡುವವರು ನೀವು. ಮಾಡಿದ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಒಂದೂವರೆ ತಿಂಗಳಲ್ಲಿ ಬೆಂಡೆಗಿಡವೇ ನಿಮಗೆ ತೋರಿಸುತ್ತದೆ.

ಆದರೆ ಆ ಅಧಿಕಾರ ತಾನಾಗಿ ಕೈಗೆ ಬರುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಗೇಟಿನ ಪಕ್ಕ ಸುಣ್ಣ ಬಳಿದ ಕಲ್ಲುಗಳ ಸಾಲು, ಒಳಗೆ ನಾಲ್ಕು ಕ್ರೋಟನ್ ಗಿಡ, ಮೇಲೊಂದು ಕೈತೋಟದ ಬೋರ್ಡು ಇರುತ್ತದೆ. ಸಾಹೇಬರು ಬರುವ ಹಿಂದಿನ ದಿನ ಮಕ್ಕಳು ಬಕೆಟ್ ಹಿಡಿದು ಓಡಾಡುತ್ತಾರೆ, ಫೋಟೋ ಆಗುತ್ತದೆ. ಯಾವ ಗಿಡ ಯಾಕೆ ಅಲ್ಲಿದೆ ಎಂದು ಅದಕ್ಕೆ ನೀರು ಹೊತ್ತ ಮಗುವಿಗೇ ಗೊತ್ತಿರುವುದಿಲ್ಲ. ಅದನ್ನು ಮಕ್ಕಳ ತೋಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಮೊದಲ ವಾರವೇ ಹೆಡ್ ಮೇಷ್ಟ್ರ ಹತ್ತಿರ ಹೋಗಿ ವಿನಯದಿಂದ ಕೇಳಿ: ‘ಸಾರ್, ಯಾವ ಮಡಿಗೆ ಏನು ಹಾಕೋದು ಅಂತ ನಾವೇ ಕೂತು ಬರ್ಕೊಂಡು ಬರ್ತೀವಿ. ನೀವು ನೋಡಿ ತಪ್ಪಿದ್ರೆ ಹೇಳಿ.’ ಹೀಗೆ ಕೇಳಿದ ಮಕ್ಕಳಿಗೆ ಬೇಡ ಎನ್ನುವ ಮೇಷ್ಟ್ರು ಕಡಿಮೆ. ಯಾರೂ ಕೇಳಿರುವುದಿಲ್ಲ, ಅಷ್ಟೇ.

ಕೂತು ಬರೆಯುವಾಗ ಮೊದಲು ಒಂದು ಲೆಕ್ಕ ಹಾಕಿ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟನೆಯವರಿಗೆ 75 ಗ್ರಾಂ. ನಿಮ್ಮ ಶಾಲೆಯಲ್ಲಿ ಚಿಕ್ಕವರು 60, ದೊಡ್ಡವರು 40 ಮಂದಿ ಇದ್ದಾರೆ ಅಂದುಕೊಳ್ಳಿ. ಅಲ್ಲಿ ಮೂರು, ಇಲ್ಲಿ ಮೂರು, ಒಟ್ಟು ದಿನಕ್ಕೆ 6 ಕೆ.ಜಿ. ಆಯಿತು. ವರ್ಷದಲ್ಲಿ 220 ದಿನ ಊಟ ಹಾಕಿದರೂ 1,320 ಕೆ.ಜಿ. ಬೇಕು. ಶಾಲೆಯ ಹಿಂದಿನ ಅರ್ಧ ಗುಂಟೆಯಲ್ಲಿ ಅಷ್ಟು ಬೆಳೆಯುವುದು ದೊಡ್ಡ ರೈತನಿಂದಲೂ ಆಗದು. ‘ಇಡೀ ಶಾಲೆಗೆ ತರಕಾರಿ ನಾವೇ ಬೆಳೀತೀವಿ’ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಘೋಷಿಸಿ, ಆಗಸ್ಟ್ ಹೊತ್ತಿಗೆ ಸೋತು ಕೈಬಿಟ್ಟ ತಂಡಗಳನ್ನು ಕಂಡಿರುವುದರಿಂದಲೇ ಇದನ್ನು ಮೊದಲು ಹೇಳುತ್ತಿದ್ದೇನೆ. ನಿಮ್ಮ ಗುರಿ ಚಿಕ್ಕದಾಗಿರಲಿ, ಆದರೆ ಅದು ತಪ್ಪದಂತೆ ನೋಡಿಕೊಳ್ಳಿ.

ನನಗೆ ತಿಳಿದ ಒಳ್ಳೆಯ ಗುರಿ ಒಂದಿದೆ. ವಾರಕ್ಕೊಂದು ದಿನ ಬಿಸಿಯೂಟದ ಸಾರಿಗೆ ಬೀಳುವ ಸೊಪ್ಪು ಪೂರ್ತಿ ನಿಮ್ಮ ತೋಟದ್ದಾಗಿರಬೇಕು. ಬುಧವಾರ ಎಂದಿಟ್ಟುಕೊಳ್ಳಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಯಲ್ಲಿ ಹರಿವೆ ಚೆನ್ನಾಗಿ ಬಂದರೆ ನಾಲ್ಕೈದು ಕೆ.ಜಿ. ಸೊಪ್ಪು ಸಿಗುತ್ತದೆ. ನಾಲ್ಕು ಅಡಿಗಿಂತ ಅಗಲ ಮಾಡಬೇಡಿ, ಎರಡೂ ಬದಿಯಿಂದ ನಿಮ್ಮ ಕೈ ನಡುವಿಗೆ ಎಟುಕಬೇಕು. ಮಡಿಯೊಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ. ಹರಿವೆ ಬಿತ್ತಿದ ತಿಂಗಳಿಗೆ ಕೀಳಲು ಬರುತ್ತದೆ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲವೂ ಒಂದೇ ದಿನ ಬಲಿತು ಕೂರುತ್ತದೆ. ಆ ವಾರ ಹಬ್ಬ, ಮುಂದಿನ ವಾರದಿಂದ ಉಪವಾಸ. ಆದ್ದರಿಂದ ಈ ವಾರ ಒಂದು ಮಡಿ, ಮುಂದಿನ ವಾರ ಇನ್ನೊಂದು, ಹೀಗೆ ಐದು ಮಡಿ ಮಾಡಿ. ಐದನೆಯದನ್ನು ಬಿತ್ತುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ. ಖಾಲಿಯಾದ ಮಡಿಗೆ ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ, ಈ ಸಲ ಮೆಂತ್ಯವೋ ಕೊತ್ತಂಬರಿಯೋ ಬಿತ್ತಿ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಬಿತ್ತಬೇಡಿ, ಚಪ್ಪಲಿಯ ಅಡಿಯಲ್ಲಿ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ.

ಬೇಲಿಯಂಚಿಗೆ ವರ್ಷಗಟ್ಟಲೆ ನಿಲ್ಲುವ ಗಿಡ ಇರಲಿ. ನುಗ್ಗೆ, ಕರಿಬೇವು, ಪಪ್ಪಾಯಿ ಮತ್ತು ಒಂದು ಚಪ್ಪರ ಬಸಳೆ ಸಾಕು. ನುಗ್ಗೆ ಮೂರು ಅಡಿ ಬಂದಾಗಲೇ ಕುಡಿ ಚಿವುಟಿ, ಕವಲೊಡೆದು ಕೈಗೆಟುಕುವ ಎತ್ತರದಲ್ಲಿ ಉಳಿಯುತ್ತದೆ. ನುಗ್ಗೆ ಮರವನ್ನು ಮಾತ್ರ ಯಾರೂ ಹತ್ತಬಾರದು. ಅದರ ಕೊಂಬೆ ನೋಡಲು ದಪ್ಪ, ಭಾರ ಬಿದ್ದರೆ ಲಟಕ್ಕನೆ ಮುರಿಯುತ್ತದೆ. ಬಾಳೆಯನ್ನು ತಟ್ಟೆ ತೊಳೆಯುವ ನಲ್ಲಿಯ ನೀರು ಹರಿದು ಹೋಗುವ ಕಡೆಗೆ ನೆಡಿ. ಆ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ, ಎಂಜಲು, ಸೋಪು ಎರಡೂ ಅದರಲ್ಲಿರುತ್ತವೆ. ಹೂಕೋಸು, ಕ್ಯಾಬೇಜು, ಟೊಮೆಟೊ ಮೇಲೆ ಮೊದಲ ವರ್ಷ ಆಸೆ ಪಡದಿರುವುದು ಮೇಲು. ಹುಳು, ರೋಗ ಹೆಚ್ಚು. ಮಕ್ಕಳ ಉತ್ಸಾಹ ಅಲ್ಲೇ ಇಂಗಿಹೋಗುತ್ತದೆ.

ಇನ್ನು ನೀರು. ಹೊಸಬರು ತೋಟ ಕೆಡಿಸುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಐದು ಜನರ ತಂಡದಲ್ಲಿ ಐವರಿಗೂ ನೀರು ಹಾಕುವ ಆಸೆ, ಬೆಳಿಗ್ಗೆ ಇಬ್ಬರು ಹಾಕಿದ್ದರ ಮೇಲೆ ಸಂಜೆ ಮೂವರು ಹಾಕುತ್ತಾರೆ. ಬಕೆಟ್ ಎತ್ತುವ ಮುಂಚೆ ಮಣ್ಣನ್ನು ಕೇಳಿ. ಬೆರಳುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಿ ನಿಂತು, ಸೊಂಟದೆತ್ತರದಿಂದ ಬಿಟ್ಟಾಗ ಪುಡಿಯಾದರೆ ಅದು ಹದ; ಆ ದಿನ ನೀರು ಬೇಡ. ಉಂಡೆಯೇ ಆಗದೆ ಬೆರಳ ಸಂದಿಯಿಂದ ಉದುರಿದರೆ ನೀರು ಕೊಡಿ. ಬಿದ್ದರೂ ಒಡೆಯದೆ ಮುದ್ದೆಯ ಹಾಗೆ ಕೂತರೆ ಎರಡು ದಿನ ಆ ಕಡೆ ಬಕೆಟ್ ಸುಳಿಯದಿರಲಿ. ಹದ ನೋಡುವುದು ಪುಸ್ತಕದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ನಿಮ್ಮ ಅಜ್ಜಂದಿರು ಹೊಲದ ಬದುವಿನಲ್ಲಿ ನಿಂತು ಇದನ್ನೇ ಮಾಡುತ್ತಿದ್ದರು, ಅವರನ್ನು ಒಂದು ದಿನ ಶಾಲೆಗೆ ಕರೆಯಿರಿ. ಗೌರವದಿಂದ ಕೂರಿಸಿ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಹೇಳುತ್ತಾರೆ.

ಬೆಂಡೆ ಹಾಕಿದರೆ ಒಂದು ಮಾತು ನೆನಪಿರಲಿ. ಹೂ ಬಿದ್ದ ಮೇಲೆ ಕಾಯಿ ಐದಾರು ದಿನದಲ್ಲಿ ಕೊಯ್ಲಿಗೆ ಬರುತ್ತದೆ. ದಿನ ಬಿಟ್ಟು ದಿನ, ಬಿಸಿಲೇರುವ ಮುಂಚೆ, ಕುಯ್ಯಲೇಬೇಕು. ತುದಿ ಮುರಿದಾಗ ಚಟ್ ಎಂದರೆ ಎಳೆಯದು. ಬಾಗಿ ನಾರು ಬಿಟ್ಟುಕೊಂಡರೆ ತಡ ಮಾಡಿದ್ದೀರಿ ಎಂದರ್ಥ. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಗಿಡ ಹೊಸ ಹೂವು ಬಿಡುವುದನ್ನು ಕಡಿಮೆ ಮಾಡುತ್ತದೆ. ಶನಿವಾರ, ಭಾನುವಾರ, ಸೋಮವಾರ ಹಬ್ಬದ ರಜೆ ಒಟ್ಟಿಗೆ ಬಂದರೆ ಭಾನುವಾರ ಯಾರು ಬರುತ್ತಾರೆ ಎಂದು ಶುಕ್ರವಾರವೇ ಬರೆದುಕೊಳ್ಳಿ. ಬರುವವರ ಮನೆ ಶಾಲೆಗೆ ಹತ್ತಿರವಿರಲಿ, ಮನೆಯವರಿಗೂ ತಿಳಿಸಿರಲಿ.

ಈಗ ನಾನು ಬಹಳ ಮುಖ್ಯ ಎಂದುಕೊಂಡಿರುವ ಮಾತಿಗೆ ಬರುತ್ತೇನೆ. ಕೆಲಸ ಹಂಚುವುದರಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ನಿಮ್ಮ ತೋಟ ಎಂಥದು ಎಂಬುದು ನಿಂತಿದೆ. ಯಾರೂ ಹೇಳದಿದ್ದರೂ ಕೆಲಸಗಳು ಹಳೆಯ ಜಾಡಿನಲ್ಲೇ ಹರಿಯುತ್ತವೆ. ಹುಡುಗರು ಗುದ್ದಲಿ ಹಿಡಿಯುತ್ತಾರೆ, ಹುಡುಗಿಯರು ಕಸ ಗುಡಿಸಿ ನೀರು ಹೊರುತ್ತಾರೆ. ಸಗಣಿ, ಗೊಬ್ಬರದ ಮಂಕರಿ ಎತ್ತುವ ಹೊತ್ತಿಗೆ ಎಲ್ಲರ ಕಣ್ಣೂ ಒಂದೇ ಕೇರಿಯ ಮಕ್ಕಳ ಕಡೆ ತಿರುಗುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ, ಕಂಡಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗಿದೆ. ನಿಮ್ಮ ತೋಟದಲ್ಲಿ ಇದು ಒಂದು ದಿನವೂ ನಡೆಯಕೂಡದು. ಗೊಬ್ಬರ ಹೊರುವುದು, ಅಗೆಯುವುದು, ನೀರು, ಕಳೆ, ಕೊಯ್ಲು, ಲೆಕ್ಕ ಎಂದು ಆರು ಕೆಲಸ ಬರೆದು, ಆರು ತಂಡ ಮಾಡಿ, ವಾರವಾರವೂ ತಂಡಕ್ಕೆ ಕೆಲಸ ಬದಲಾಗುವ ಪಟ್ಟಿಯನ್ನು ತರಗತಿಯ ಬಾಗಿಲಿಗೆ ಅಂಟಿಸಿ. ಒಂದೊಂದು ತಂಡದಲ್ಲೂ ಎಲ್ಲ ಕೇರಿಯವರು, ಹುಡುಗ ಹುಡುಗಿಯರು ಕಲೆತಿರಲಿ. ಮಂತ್ರಿಯಾದವರ ಹೆಸರು ಗೊಬ್ಬರದ ಸಾಲಿನಲ್ಲಿ ಮೊದಲ ವಾರವೇ ಇರಲಿ. ನಡೆಯಲು ಕಷ್ಟವಿರುವ ಗೆಳೆಯರಿದ್ದರೆ ಅವರನ್ನು ನೆರಳಲ್ಲಿ ಸುಮ್ಮನೆ ಕೂರಿಸಬೇಡಿ. ಸಸಿಮಡಿ ನೋಡಿಕೊಳ್ಳುವುದು, ಬೀಜ ಆರಿಸುವುದು, ತೂಕ ಬರೆಯುವುದು ಎಲ್ಲವೂ ತೋಟದ ಕೆಲಸವೇ.

ಎಲ್ಲ ಕೆಲಸವನ್ನೂ ಎಲ್ಲರೂ ಮಾಡುವುದು ಹೊಸ ಮಾತೇನಲ್ಲ. 1910ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿ, ಗೆಳೆಯ ಹರ್ಮನ್ ಕಾಲೆನ್‌ಬಾಖ್ ಬಿಟ್ಟುಕೊಟ್ಟ ಸುಮಾರು 1,100 ಎಕರೆಯಲ್ಲಿ ಗಾಂಧೀಜಿ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಹಣ್ಣಿನ ಮರಗಳು ತುಂಬಿದ್ದ ಜಾಗ ಅದು. ಸತ್ಯಾಗ್ರಹಿಗಳ ಮಕ್ಕಳಿಗೆ ಅಲ್ಲೇ ಶಾಲೆ. ಆಳುಕಾಳು ಇರಲಿಲ್ಲ; ಅಡುಗೆಯಿಂದ ಹಿಡಿದು ಪಾಯಿಖಾನೆ ಶುಚಿ ಮಾಡುವವರೆಗೆ ಎಲ್ಲವನ್ನೂ ಅಲ್ಲಿದ್ದವರೇ ಮಾಡಬೇಕು. ಗುಂಡಿ ತೋಡುವುದು, ಮರ ಕಡಿಯುವುದು, ಹೊರೆ ಹೊರುವುದು ಮಕ್ಕಳಿಗೂ ಇತ್ತು. ಆದರೆ ಮೇಷ್ಟ್ರು ತಾನು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳುವಂತಿರಲಿಲ್ಲ. ಮಕ್ಕಳು ಕೆಲಸಕ್ಕೆ ಇಳಿದಾಗಲೆಲ್ಲ ಜೊತೆಯಲ್ಲೊಬ್ಬ ಮೇಷ್ಟ್ರು ಇಳಿದು ದುಡಿಯುತ್ತಿದ್ದರು. ಮುಂದೆ ಗಾಂಧೀಜಿಯ ಇದೇ ವಿಚಾರವನ್ನು ಹೊತ್ತು, 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಿಂದ ಹೊರಟು, ಝಾಕಿರ್ ಹುಸೇನರ ಸಮಿತಿ ರೂಪ ಕೊಟ್ಟ ‘ನಯೀ ತಾಲೀಮ್’ ನಮ್ಮಲ್ಲಿ ಮೂಲಶಿಕ್ಷಣ ಎಂದು ಹೆಸರಾಯಿತು. ಕೈಕೆಲಸದ ಮೂಲಕವೇ ಪಾಠ ಎಂಬುದು ಅದರ ತಿರುಳು. ಅಲ್ಲಿಂದ ಇಲ್ಲಿಗೆ ಎಷ್ಟೋ ಬದಲಾಗಿದೆ. ಮೇಷ್ಟ್ರೂ ಬಗ್ಗಿ ಕೆಲಸ ಮಾಡುವ ಆ ಒಂದು ಕಟ್ಟಳೆ ಮಾತ್ರ ಇಂದಿಗೂ ಯಾವ ಶಾಲೆಯ ತೋಟಕ್ಕೂ ಸಲ್ಲುತ್ತದೆ. ನಿಮ್ಮ ಟೀಚರ್ ಕೈಗೂ ಒಂದು ಸಣ್ಣ ಗುದ್ದಲಿ ಕೊಡಿ, ಖಂಡಿತ ಖುಷಿಯಿಂದ ಹಿಡಿಯುತ್ತಾರೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ತಡವಾಗಿ ಬಂದವರಿಗೆ, ಹೋಂವರ್ಕ್ ಮಾಡದವರಿಗೆ ತೋಟದ ಕೆಲಸವನ್ನು ಶಿಕ್ಷೆಯಾಗಿ ಕೊಡುವ ರೂಢಿ ನಿಮ್ಮ ಶಾಲೆಯಲ್ಲಿದ್ದರೆ ಅದನ್ನು ನಿಲ್ಲಿಸಲು ಸಂಸತ್ತಿನಲ್ಲಿ ಮಾತೆತ್ತಿ. ಮಣ್ಣಿನ ಕೆಲಸ ಅವಮಾನ ಎಂದು ಮಗುವಿನ ಮನಸ್ಸಿಗೆ ಒಮ್ಮೆ ನಾಟಿದರೆ ಆಮೇಲೆ ಯಾವ ಪಾಠದಿಂದಲೂ ಅದನ್ನು ಕೀಳಲಾಗದು. ಅಪ್ಪ ಅಮ್ಮ ದಿನವಿಡೀ ಅದೇ ಕೆಲಸ ಮಾಡುವ ಮನೆಯಿಂದ ಬಂದ ಮಗುವಿನ ಎದುರು ಅದನ್ನು ಶಿಕ್ಷೆ ಎಂದು ಕರೆಯುವುದು ಎಷ್ಟು ಕ್ರೂರ ಎಂದು ಯೋಚಿಸಿ.

ಲೆಕ್ಕದ ಪುಸ್ತಕ ಇಡಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಯಾವ ಮಡಿ, ಯಾವ ದಿನ, ಯಾವ ಬೀಜ, ಎಲ್ಲಿಂದ ತಂದದ್ದು, ಎಷ್ಟು ದುಡ್ಡು, ಎಷ್ಟನೇ ದಿನ ಮೊಳೆಯಿತು, ಎಷ್ಟು ತೂಕ ಬಂತು ಎಲ್ಲವನ್ನೂ ಬರೆಯಿರಿ. ಬಿತ್ತುವ ಮುಂಚೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೇ ಮೊಳೆತರೆ ಒತ್ತೊತ್ತಾಗಿ ಬಿತ್ತಬೇಕು, ಇಲ್ಲವೇ ಬೇರೆ ತರಬೇಕು. ಗಣಿತದ ಶೇಕಡಾವಾರು ಪಾಠ ಅಲ್ಲಿಗೇ ಮುಗಿಯಿತು. ಫಸಲಿನ ಬೆಲೆಯನ್ನು ಆ ವಾರದ ಸಂತೆ ದರದಲ್ಲಿ ಹಾಕಿ. ನಾಲ್ಕು ಕೆ.ಜಿ. ಸೊಪ್ಪಿಗೆ ಎಷ್ಟು ಜನ ಎಷ್ಟು ಗಂಟೆ ದುಡಿದಿರಿ, ಸಂತೆಯಲ್ಲಿ ಅದಕ್ಕೆ ಎಷ್ಟು ಸಿಗುತ್ತದೆ ಎಂದು ಒಂದೇ ಪುಟದಲ್ಲಿ ಕಂಡಾಗ ನಿಮ್ಮ ಊರಿನ ರೈತನ ಸಂಕಟ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋತದ್ದನ್ನೂ ಬರೆಯಿರಿ. ‘ಆಡು ನುಗ್ಗಿ ಎರಡು ಮಡಿ ಹರಿವೆ ತಿಂದಿತು, ಬೇಲಿಯ ಮೂಲೆ ಬಿಚ್ಚಿತ್ತು’ ಎಂಬ ಸಾಲು ಮುಂದಿನ ವರ್ಷದವರಿಗೆ ಬಹುಮಾನದ ಫೋಟೋಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹುಳು ಬಂದರೆ ಮನೆಯಿಂದ ಔಷಧದ ಬಾಟಲಿ ತರಲೇಬೇಡಿ. ಮಕ್ಕಳು ಓಡಾಡುವ, ಮಕ್ಕಳೇ ತಿನ್ನುವ ಜಾಗಕ್ಕೆ ವಿಷ ಬರಕೂಡದು. ಎಲೆಯ ಮೇಲೆ ನೋಡಿದರೆ ಸಾಲದು, ತಿರುಗಿಸಿ ಅಡಿ ನೋಡಿ. ಬಿಳಿನೊಣ, ಹೇನು ಇರುವುದೇ ಅಲ್ಲಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಹಾಕಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಇದನ್ನು ಟೀಚರ್ ಎದುರಲ್ಲೇ ಮಾಡಿ. ಬೆಂಡೆಯ ಎಲೆಯ ನರಗಳೆಲ್ಲ ಬಲೆಯ ಹಾಗೆ ಹಳದಿಯಾದರೆ ಅದು ನಂಜಾಣು ರೋಗ, ಮದ್ದಿಲ್ಲ. ಮರುಕ ಪಡದೆ ಆ ಗಿಡ ಕಿತ್ತು ದೂರ ಒಯ್ಯಿರಿ. ಬಿಳಿನೊಣ ಅದನ್ನು ಪಕ್ಕದ ಗಿಡಕ್ಕೆ ದಾಟಿಸುವ ಮೊದಲು ಆ ಕೆಲಸ ಆಗಬೇಕು. ತರಗಿನ ರಾಶಿಗೆ, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ಸರಿಸಿ ನೋಡಿ, ಹಾವು ಚೇಳಿಗೆ ತಂಪಾದ ಜಾಗ ಅದು.

ಅಡುಗೆ ಅಕ್ಕನನ್ನು ಕೇಳದೆ ಏನನ್ನೂ ಬಿತ್ತಬೇಡಿ. ನೂರು ಮಕ್ಕಳ ಸೊಪ್ಪು ಬಿಡಿಸಿ, ಮೂರು ನೀರಲ್ಲಿ ತೊಳೆದು, ಹೆಚ್ಚಿ ಬೇಯಿಸಲು ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತೇ? ನುಗ್ಗೆಸೊಪ್ಪು ಮೈಗೆ ಎಷ್ಟೇ ಒಳ್ಳೆಯದಾದರೂ ಒಂದೊಂದೇ ಎಲೆ ಬಿಡಿಸಬೇಕು. ಅಡುಗೆಯ ಹಿಂದಿನ ಸಂಜೆ ಕೊಯ್ಲಿನ ತಂಡವೇ ಕೂತು ಬಿಡಿಸಿ ಕೊಟ್ಟರೆ ಅವರ ಮುಖ ನೋಡಿ. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಗಿ ಮುಂದೆ ಎಲ್ಲೆಡೆ ಹರಡಿದ ಮೇಲೆ, ಲಕ್ಷಾಂತರ ಮಕ್ಕಳ ಮಧ್ಯಾಹ್ನದ ಹಸಿವು ನೀಗಿದ್ದು ಇಂಥ ಅಕ್ಕಂದಿರ ಕೈಯಿಂದ. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿ, ಜಾಗವಿಲ್ಲದ ಕಡೆ ಕುಂಡದಲ್ಲಿ, ತಾರಸಿಯಲ್ಲಾದರೂ ಬೆಳೆಯಿರಿ ಎಂದಿತು. ಬೆಳೆದದ್ದು ಒಲೆಯವರೆಗೆ ತಲುಪುವುದು ಅಡುಗೆಮನೆಯ ಜೊತೆಗಿನ ನಿಮ್ಮ ಸ್ನೇಹದಿಂದಲೇ.

ಶಾಲೆ ತೋಟಗಳನ್ನು ಕೊಲ್ಲುವುದು ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಬೀಗ ಬಿದ್ದರೆ ಮೇ ಕೊನೆಗೆ ತೆಗೆಯುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಮಕ್ಕಳೇ ಇದಕ್ಕೆ ದಾರಿ ಕಂಡುಕೊಂಡರು. ಶಾಲೆಯ ಹಿಂದಿನ ಮನೆಯ ಅಜ್ಜಿಯ ಹತ್ತಿರ ಹೋಗಿ, ‘ಅಜ್ಜೀ, ರಜೆ ಮುಗಿಯೋವರೆಗೂ ನೀರು ಹಾಕಿದ್ರೆ ಕಾಯಿ, ಸೊಪ್ಪು ಎಲ್ಲಾ ನಿಂದೇ’ ಎಂದರು. ಅಲ್ಲಿಯವರೆಗೆ ಆ ತೋಟದಿಂದ ಬದನೆಕಾಯಿ ಮಾಯವಾಗುತ್ತಿತ್ತು, ಆ ವರ್ಷದಿಂದ ಅಜ್ಜಿಯೇ ಕಾವಲು. ಅಂಥವರು ಯಾರೂ ಸಿಗದಿದ್ದರೆ ಮಾರ್ಚ್‌ನಲ್ಲೇ ಸೊಪ್ಪಿನ ಮಡಿಗಳ ಕೆಲಸ ಮುಗಿಸಿ, ತರಗನ್ನು ಗೇಣುದ್ದ ದಪ್ಪ ಹೊದಿಸಿ ಮಲಗಿಸಿ. ಪಪ್ಪಾಯಿ, ಕರಿಬೇವಿನ ಬುಡಕ್ಕೆ ತಳದಲ್ಲಿ ಸಣ್ಣ ತೂತಿರುವ ಹಳೆ ಮಡಕೆ ಹೂತು, ತೂತಿಗೆ ಬಟ್ಟೆಯ ಬತ್ತಿ ತುರುಕಿ. ವಾರಕ್ಕೆರಡು ಸಲ ಯಾರಾದರೂ ತುಂಬಿದರೆ ಗಿಡ ಉಳಿಯುತ್ತದೆ.

ರಜೆಗೆ ಮುಂಚೆ ಬೀಜದ ಕೆಲಸವೊಂದಿದೆ. ಒಳ್ಳೆಯದನ್ನೆಲ್ಲ ಕಿತ್ತು ತಿಂದು, ಕೊನೆಗೆ ಉಳಿದ ಸೊರಗು ಕಾಯಿಯನ್ನು ಬೀಜಕ್ಕೆ ಬಿಡುವುದು ಎಲ್ಲ ಕಡೆ ನಡೆಯುತ್ತದೆ. ನೀವು ಬೇರೆ ರೀತಿ ಮಾಡಿ. ಬೆಂಡೆ ಮೊದಲ ಕೊಯ್ಲಿಗೆ ಬಂದಾಗಲೇ ಸಾಲಿನಲ್ಲಿ ರೋಗವಿಲ್ಲದ, ಗಟ್ಟಿಮುಟ್ಟಾದ ಎರಡು ಗಿಡ ಆರಿಸಿ ಕೆಂಪು ದಾರ ಕಟ್ಟಿ. ಅವುಗಳ ಕಾಯಿಯನ್ನು ಯಾರೂ ಮುಟ್ಟಬಾರದು ಎಂದು ಪ್ರಾರ್ಥನೆಯಲ್ಲಿ ಹೇಳಿ. ಕಾಯಿ ಗಿಡದಲ್ಲೇ ಒಣಗಿ, ಸೀಳು ಬಿಟ್ಟು, ಅಲುಗಿಸಿದರೆ ಗಲಗಲ ಎನ್ನುವಾಗ ಕುಯ್ಯಿರಿ. ನೆರಳಲ್ಲಿ ಆರಿಸಿ, ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಗಿಡವಾದರೆ ಈ ಶ್ರಮ ಬೇಡ, ಮುಂದಿನ ಪೀಳಿಗೆ ಅದೇ ಗುಣದಲ್ಲಿ ಬರುವುದಿಲ್ಲ. ನಾಟಿ ತಳಿ, ಇಲ್ಲವೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾದಂಥ ತಳಿಯಾದರೆ ಬೀಜ ಉಳಿಸಿಕೊಳ್ಳಬಹುದು. ಆದ್ದರಿಂದ ಬೀಜದ ಪೊಟ್ಟಣ ಕೊಳ್ಳುವಾಗಲೇ ಹಿಂದೆ ಮುಂದೆ ತಿರುಗಿಸಿ ಓದಿ.

ಡಬ್ಬಿಯ ಮೇಲೆ ಬೆಳೆಯ ಹೆಸರು, ವರ್ಷ, ಮಡಿಯ ಸಂಖ್ಯೆ, ದಾರ ಕಟ್ಟಿದವರ ಹೆಸರು ಬರೆಯಿರಿ. ಮಾರ್ಚ್ ಕೊನೆಯ ವಾರ ನಿಮಗಿಂತ ಕೆಳಗಿನ ತರಗತಿಯವರನ್ನು ಕೂರಿಸಿಕೊಂಡು ಡಬ್ಬಿ, ಲೆಕ್ಕದ ಪುಸ್ತಕ, ಗುದ್ದಲಿ, ಮಂಕರಿ ಎಲ್ಲವನ್ನೂ ಎಣಿಸಿ ಒಪ್ಪಿಸಿ. ಯಾವ ಗುದ್ದಲಿಯ ಕಾವು ಸಡಿಲವಾಗಿದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾರ ಮನೆಯವರು ಸಗಣಿ ಕೊಡುತ್ತಾರೆ ಎಂಬುದನ್ನೂ ಹೇಳಿ. ಅವರು ಕೇಳಿದ ಪ್ರಶ್ನೆಗಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಜೂನ್‌ನಲ್ಲಿ ಹೊಸ ತಂಡದ ಮೊದಲ ಸಭೆ ಆ ಪುಟದಿಂದಲೇ ಶುರುವಾಗಲಿ.